ಅಪ್ಪನ ಸಮಾಧಿಗೆ ಗಿಡ ಆರಿಸಿದವರು

ಮೊನ್ನೆ ಪಕ್ಕದ ಮನೆಯವರು ಕುಂಡ ತುಂಬಲು ಕೆಂಪು ಮೊರಂ ಮಣ್ಣು ತರಿಸಿ ನೀರು ಚಿಮುಕಿಸಿದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹುಮನಾಬಾದಿನ ಸರ್ಕಾರಿ ಬಂಗಲೆಯ ಮಾಲಿ ಕಾಕಾ ಕಣ್ಣ ಮುಂದೆ ಬಂದು ನಿಂತರು.

ಎಪ್ಪತ್ತರ ದಶಕ. ನಾನು ಹುಮನಾಬಾದಿನಲ್ಲಿ ಪಾಠ ಹೇಳುವ ಶಾಲೆಯ ಅಕ್ಕೋರು. ಬಸವಕಲ್ಯಾಣದ ನಮ್ಮ ಹೊಲದ ಅಂಚಿಗೆ, ಬೇವಿನ ಮರದ ಕೆಳಗೆ ಅಪ್ಪನನ್ನು ಮಣ್ಣು ಮಾಡಿ ವರ್ಷವಾಗಿತ್ತು. ಆ ದಿಬ್ಬ ಬೋಳಾಗಿರುವುದನ್ನು ಅವ್ವನಿಂದ ನೋಡಲಾಗುತ್ತಿರಲಿಲ್ಲ. ಹಚ್ಚಿದ ಗರಿಕೆ ಒಣಗಿತ್ತು. ನಾನೋ ಓದಿದವಳು, ಜಂಬ ಬೇರೆ! ಕಪ್ಪು ಎರೆಮಣ್ಣಿಗಿಂತ ಒಳ್ಳೆಯದು ಯಾವುದಿದೆ ಎಂದು ಎರಡು ಬಂಡಿ ತರಿಸಿ ದಿಬ್ಬಕ್ಕೆ ಹೊದಿಸಿ, ಮತ್ತೆ ಗರಿಕೆ ಹಚ್ಚಿಸಿದೆ. ಮಳೆಗಾಲದಲ್ಲಿ ಬೇರು ಕೊಳೆಯಿತು, ಬೇಸಿಗೆಯಲ್ಲಿ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿತು.

ಬಿರುಕು ಕಂಡು ಅವ್ವ ಅತ್ತದ್ದು... ಈಗಲೂ ನೆನೆಸಲಾರೆ. ಉರಿಬಿಸಿಲಲ್ಲಿ ದಿನಾ ಕೊಡ ಹೊತ್ತು ನೀರು ಹಾಕತೊಡಗಿದಳು. ಒಂದು ಮಧ್ಯಾಹ್ನ ಕೊಡದ ಸಮೇತ ಬಿದ್ದಳು. ಬೇಡವೆಂದರೆ ಕೇಳುವ ಪೈಕಿಯಲ್ಲ. ನೀರು ಕೇಳದೆ ವರ್ಷವಿಡೀ ಹಸಿರಾಗಿರುವ ಗಿಡ ಸಿಗದಿದ್ದರೆ ಅಪ್ಪನ ಹಿಂದೆ ಅವ್ವನೂ ಹೋಗುತ್ತಾಳೆ ಎಂದು ಹೆದರಿಬಿಟ್ಟೆ.

ಬಂಗಲೆಯ ದಟ್ಟ ಮರಗಳ ಕೆಳಗೂ ನೆಲ ಕಾಣದಂತೆ ಹಸಿರು ಹಬ್ಬಿಸಿದ್ದ ಮಾಲಿ ಕಾಕಾರನ್ನು ಕೇಳಿದೆ, ಯಾವ ಗಿಡ ಹಚ್ಚಲಿ ಎಂದು.

"ಜಾಗಾ ನೋಡದ ಹ್ಯಾಂಗ ಹೇಳ್ಲಿರಿ ಅಕ್ಕೋರೆ? ಐತಾರ ಬರ್ತೀನಿ," ಎಂದರು.

ಭಾನುವಾರ ಮೊದಲ ಬಸ್ಸಿಗೇ ಬಂದರು. ಬಂದವರು ಗುದ್ದಲಿ ಮುಟ್ಟಲಿಲ್ಲ. ದಿಬ್ಬದ ಪಕ್ಕ ಕೂತು, ಅದರ ಮೇಲೆ ಬಿಸಿಲು ಸರಿದಂತೆಲ್ಲ ಆ ಬಿಸಿಲಿನ ಅಂಚಿಗೆ ಒಂದೊಂದು ಕಲ್ಲು ಇಡುತ್ತ ಹೋದರು. ಬೆಳಗಿನಿಂದ ಸಂಜೆಯವರೆಗೆ! ಅವ್ವ ಮೊದಲು ಗೊಣಗಿದಳು, ಆಮೇಲೆ ರೊಟ್ಟಿ ಕೊಟ್ಟು ತಾನೂ ಎದುರು ಕೂತಳು. ಅಪ್ಪನ ತಲೆಯ ಕಡೆ ಮುಂಜಾನೆಯ ಎಳೆಬಿಸಿಲಷ್ಟೇ, ಕಾಲ ಕಡೆ ಮಧ್ಯಾಹ್ನದ ಉರಿ. ವರ್ಷವಿಡೀ ಅಲ್ಲಿ ಕೈಮುಗಿದು ನಿಂತರೂ ನನಗಿದು ಕಂಡಿರಲಿಲ್ಲ. ನಾಚಿಕೆಯಾಯಿತು.

"ಈ ಎರಿ ತೆಗಸ್ರಿ. ಕೆಳಗ ನಿಮ್ಮ ಮೊರಂ ಚಲೋ ಅದ, ನೀರು ನಿಂದ್ರಂಗಿಲ್ಲ. ಬೇವಿನ ಎಲಿ ಕೊಳಸಿ ಅದರಾಗ ಕೂಡಸ್ರಿ, ಸಾಕು," ಎಂದರು ಕಾಕಾ. ಹಾಗೇ ಮಾಡಿಸಿದೆ.

ಮಳೆ ಶುರುವಾದ ಮೇಲೆ ಬಂಗಲೆಯಲ್ಲಿ ಕತ್ತರಿಸಿ ಎಸೆಯುವ ಬಳ್ಳಿ ತುಂಡುಗಳನ್ನು ಒದ್ದೆ ಚೀಲದಲ್ಲಿ ತಂದರು. ತಲೆಯ ಕಡೆ ಬೆಳ್ಳಿಗೆರೆಯ ಎಲೆಯದ್ದು, ಕಾಲ ಕಡೆ ದಪ್ಪ ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುವಂಥದ್ದು. ಹೆಸರು ಕೇಳಿದರೆ ನಕ್ಕರು. ಅವ್ವನ ಕಡೆ ತಿರುಗಿ, "ಬೇರು ಹಿಡದ ಮ್ಯಾಲ ನೀರು ಹಾಕಬ್ಯಾಡ್ರಿ ಅವ್ವಾರ. ಹಾಕಿದ್ರ ಕೊಳೀತಾವ," ಎಂದರು.

ಯಾರ ಮಾತೂ ಕೇಳದ ಅವ್ವ ಅವರ ಮಾತು ಕೇಳಿದಳು! ಮುಂದಿನ ಬೇಸಿಗೆಯಲ್ಲಿ ಹೊಲವೆಲ್ಲ ಬಣಬಣ ಎನ್ನುತ್ತಿದ್ದರೂ ದಿಬ್ಬ ಮಾತ್ರ ಹಸಿರಾಗಿತ್ತು. ಅವ್ವ ಬರಿಗೈಯಲ್ಲಿ ಹೋಗಿ ಅದರ ಪಕ್ಕ ಕೂತು ಬರುತ್ತಿದ್ದಳು. ಗಿಡ ಬೆಳೆಸುವ ಎಷ್ಟೋ ಜನರನ್ನು ಕಂಡಿದ್ದೇನೆ, ಅಂಥ ಕಣ್ಣು ಮತ್ತೊಬ್ಬರಲ್ಲಿ ಕಾಣಲಿಲ್ಲ.

ಎಂಬತ್ತರ ದಶಕದಲ್ಲಿ ಅವ್ವನೂ ತೀರಿಕೊಂಡು ಅಪ್ಪನ ಪಕ್ಕ ಮಲಗಿದಳು. ಸುದ್ದಿ ಹೇಳೋಣವೆಂದು ಬಂಗಲೆಗೆ ಹೋದೆ. ಕಾಕಾ ನಿವೃತ್ತರಾಗಿ ತಮ್ಮ ಊರಿಗೆ ಹೋದವರು ಹಿಂದಿನ ವರ್ಷವೇ ತೀರಿಕೊಂಡಿದ್ದರಂತೆ. ಯಾವ ಊರೆಂದು ಅಲ್ಲಿ ಯಾರಿಗೂ ತಿಳಿಯದು. ಅಷ್ಟು ವರ್ಷಗಳಲ್ಲಿ ನಾನಾದರೂ ಕೇಳಿದ್ದೆನೇ...

ಬಳ್ಳಿ ಈಗ ಅವ್ವನ ಮೇಲೂ ಹಬ್ಬಿದೆ. ನಮ್ಮಪ್ಪನ ತಲೆಗೆ ಎಷ್ಟು ಹೊತ್ತು ಬಿಸಿಲು ಎಂದು ದಿನವಿಡೀ ಕೂತು ನೋಡಿದ ಆ ಮನುಷ್ಯ ಎಲ್ಲಿ ಮಲಗಿದ್ದಾರೋ, ಅಲ್ಲಿ ಬಿಸಿಲೋ ನೆರಳೋ, ಇಂದಿಗೂ ನನಗೆ ಗೊತ್ತಿಲ್ಲ.