ಊರು ಬಿಟ್ಟವರ ಕೊಡ

ಮನುಷ್ಯರ ರಕ್ತ ನೀರಿನಲ್ಲಿ ಕೂಡಿದ್ದನ್ನು ನಾನು ಮೊದಲು ನೋಡಿದ್ದು ಔರಾದ ತಾಲೂಕಿನ ನಮ್ಮ ಊರಲ್ಲಿ, ಟ್ಯಾಂಕರ್ ನಿಲ್ಲುವ ಜಾಗದಲ್ಲಿ. ಬರಗಾಲದಾಗ ನಮ್ಮಲ್ಲಿ ಒಂದು ರೂಢಿ. ಕೊಡ ಪಾಳಿಯಲ್ಲಿಟ್ಟು ಕೆಲಸಕ್ಕೆ ಹೋಗಬಹುದು. ಕೊಡ ಇದ್ದರೆ ಮನುಷ್ಯ ಇದ್ದಂಗ, ಬೇರೆಯವರು ಮುಟ್ಟಬಾರದು.

ಆ ವರ್ಷ ಒಂದು ಮನೆಯವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರು. ಅವರ ಪ್ಲಾಸ್ಟಿಕ್ ಕೊಡ ಪಾಳಿಯ ಮುಂದೇ ಉಳಿಯಿತು. ಮೂರನೇ ದಿನ ಅವ್ವ ಅದನ್ನು ಕಾಲಿಂದ ಒದ್ದಳು.

"ಅವ್ರು ಬರ್ತಾರ. ಪಾಳಿ ಅವ್ರದೇ," ಎಂದಳು ಅವರ ಸಂಬಂಧಿ ಹೆಂಗಸು.

"ಊರು ಬಿಟ್ಟು ಹೋದೋರು ನೀರು ಕುಡ್ಯಾಕ ಬರ್ತಾರೇನಬೇ?"

ಆಕೆ ತಾಮ್ರದ ಕೊಡ ಎತ್ತಿ ಅವ್ವನ ಹಣೆಗೆ ಬಡಿದಳು. ಅವ್ವ ಆಕೆಯ ಕೂದಲು ಹಿಡಿದು ಟ್ಯಾಂಕರ್ ಗಾಲಿಗೆ ಮುಖ ಜಜ್ಜಿದಳು. ಎರಡು ಹಲ್ಲು ಬಿದ್ದವು. ಜನ ಬಿಡಿಸಲಿಲ್ಲ, ತಮ್ಮ ಕೊಡ ಮುಂದೆ ತಳ್ಳಿದರು. ಅವ್ವನ ಹಣೆಯ ರಕ್ತ ಬಿದ್ದು ನಮ್ಮ ಕೊಡದ ನೀರು ಕೆಂಪಗಿತ್ತು. ಅದನ್ನೇ ಮನೆಗೆ ಹೊತ್ತೆವು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಬೀದರಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸು ಸೇರಿದೆ. ಮತ್ತೆ ಬರ ಬಿದ್ದಿತ್ತು. ಯಾವ ಊರಿಗೆ ಎಷ್ಟು ಟ್ಯಾಂಕರ್ ಹೋಯಿತು ಎಂದು ಲೆಕ್ಕ ಇಡುವ ಪ್ರೋಗ್ರಾಮ್ ನಮ್ಮ ಕೆಲಸ. ಬರೆಯುವವರು ಇಬ್ಬರು, ನಾನು ಮತ್ತು ಭಾಲ್ಕಿಯ ಒಬ್ಬ ಹುಡುಗ. ಅವನದು ಡಿಪ್ಲೊಮಾ. ಪ್ರೋಗ್ರಾಮ್ ಸರಿ ಇದೆಯೋ ಇಲ್ಲವೋ ಎಂದು ತಾನಾಗಿ ನೋಡುವ ಟೆಸ್ಟುಗಳನ್ನು ಇಬ್ಬರೂ ನಮ್ಮ ನಮ್ಮ ಮೇಜಿನಿಂದಲೇ ಆಫೀಸಿನ ಒಂದೇ ಕಂಪ್ಯೂಟರ್‌ನಲ್ಲಿ ಓಡಿಸುತ್ತಿದ್ದೆವು. ಫೋಲ್ಡರ್ ಒಂದೇ. ಪೋರ್ಟ್ ಒಂದೇ. ಪೋರ್ಟ್ ಅಂದರೆ ಪ್ರೋಗ್ರಾಮ್ ಹೊರಗಿನವರ ಜೊತೆ ಮಾತಾಡುವ ಬಾಗಿಲು, ಒಂದು ಹೊತ್ತಿಗೆ ಒಬ್ಬರಿಗೇ.

ಒಂದು ವಾರದಿಂದ ಅವನ ಟೆಸ್ಟು ಬೀಳುತ್ತಿದ್ದವು, ಅಂದರೆ ಫೇಲಾಗುತ್ತಿದ್ದವು. ಆಫೀಸು ನಡೆಸುವ ಸಾಹೇಬರು ಒಂದು ಬೆಳಗ್ಗೆ ಬಂದು, "ಇವತ್ತು ಮಧ್ಯಾಹ್ನ ಔರಾದದಾಗ ತಹಸೀಲ್ದಾರರಿಗಿ ಪ್ರೋಗ್ರಾಮ್ ತೋರಸಬೇಕು. ಯಾರಿಂದ ಕೆಡ್ತದೋ ಅವ್ರು ನಾಳಿಂದ ಬರೂದು ಬ್ಯಾಡ," ಎಂದರು.

ನನ್ನ ಟೆಸ್ಟು ಓಡಿಸಿದೆ. ಪರದೆ ಮೇಲೆ ಕೆಂಪು ಸಾಲು: ಪೋರ್ಟ್ ಬಳಕೆಯಲ್ಲಿದೆ.

"ನನ್ನ ಪೋರ್ಟ್ ಯಾಕ ಹಿಡದಿ?"

"ನಾ ಇನ್ನಾ ಚಾಲೂನೇ ಮಾಡಿಲ್ರಿ ಅಕ್ಕಾ. ನನ್ನ ಫೈಲೇ ದಿನಾ ಮಾಯ ಆಗ್ಲತಾವ."

"ಡಿಪ್ಲೊಮಾದವ್ರಿಗಿ ಇದು ತಿಳಿಯಂಗಿಲ್ಲ, ಬಿಡು."

"ಡಿಗ್ರಿಯವ್ರಿಗಿ ಬಾಯಿ ಅಷ್ಟೇ ಏನ್ರಿ?"

ಅವನ ಮೇಜಿನ ಕೀಬೋರ್ಡ್ ಎತ್ತಿ ಅವನ ಬಾಯಿಗೇ ಬಡಿದೆ. ಕೀಲಿಗಳು ಫರಸಿ ನೆಲದ ಮೇಲೆ ಸಿಡಿದವು. ತುಟಿ ಸೀಳಿ ರಕ್ತ ಅಂಗಿಗೆ ಇಳಿಯಿತು. ಅವನು ನನ್ನ ಕೊರಳು ಹಿಡಿದು ಗೋಡೆಗೆ ಗುದ್ದಿದ. ಸಾಹೇಬರು ಓಡಿ ಬಂದು, ನನ್ನನ್ನು ಕೇಳಿ, ಅವನನ್ನು ಕೇಳದೆ, ಅವನನ್ನೇ ಭಾಲ್ಕಿ ಬಸ್ಸಿಗೆ ಅಟ್ಟಿದರು.

ಆಮೇಲೆ ಪೋರ್ಟ್ ಹಿಡಿದವರು ಯಾರು ಎಂದು ನೋಡಿದೆ. ನೋಡಬೇಕಾದದ್ದು ಮೊದಲು.

ಹಿಂದಿನ ದಿನ ಸಂಜೆ ನಾನೇ ಓಡಿಸಿದ ಟೆಸ್ಟು. ಪರದೆ ಮೇಲಿನ ಕಿಟಕಿ ಮಾತ್ರ ಮುಚ್ಚಿ ಮನೆಗೆ ಹೋಗಿದ್ದೆ, ಅದು ಒಳಗೆ ಹಾಗೇ ಕೂತಿತ್ತು. ಮಹಾರಾಷ್ಟ್ರಕ್ಕೆ ಹೋದವರ ಕೊಡ ಇದ್ದಂಗ. ಅವನ ಫೈಲು? ನನ್ನ ಟೆಸ್ಟು ಶುರುವಾಗುವ ಮೊದಲು ಫೋಲ್ಡರ್ ಪೂರ್ತಿ ಅಳಿಸುತ್ತಿತ್ತು. ಆ ಸಾಲು ಬರೆದವಳೂ ನಾನೇ. ಒಂದು ವಾರ ಅವನ ಕೊಡ ನಾನೇ ಒದ್ದಿದ್ದೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಳಗೆ ಕೂತಿದ್ದ ಟೆಸ್ಟನ್ನು ನಿಲ್ಲಿಸಿದೆ, ಟೆಸ್ಟು ಪಾಸಾದವು, ಔರಾದದಲ್ಲಿ ತೋರಿಸಿ ಬಂದೆವು. ಜೀಪಿನಲ್ಲಿ ಸಾಹೇಬರು ಹೊಗಳುತ್ತಲೇ ಇದ್ದರು. ಬೀದರ ಮುಟ್ಟುವ ಹೊತ್ತಿಗೆ ತಡೆಯಲಾಗದೆ ಹೇಳಿಬಿಟ್ಟೆ.

"ಹಂಗಿದ್ರ ಅಂವನ್ನ ಕರಕೊಂಡು ಬಾ. ಇಲ್ಲಂದ್ರ ನೀನೂ ಬರಬ್ಯಾಡ," ಎಂದರು.

ಮರುದಿನ ಭಾಲ್ಕಿಗೆ ಹೋದೆ. ಅವನು ಬಾಗಿಲಲ್ಲೇ ನಿಂತ, ತುಟಿಗೆ ಮೂರು ಹೊಲಿಗೆ.

"ಇನ್ನೊಂದು ಬಡ್ಯಾಕ ಬಂದೀರೇನ್ರಿ ಅಕ್ಕಾ?"

"ತಪ್ಪು ನಂದು. ಪೋರ್ಟೂ ನಾನೇ ಹಿಡದಿದ್ದೆ. ಫೈಲೂ ನಾನೇ ಅಳಸಿದ್ದೆ."

ಅವನು ಬಾಗಿಲಿಗೆ ಅಡ್ಡ ಕೈ ಇಟ್ಟ. ಒಳಗೆ ಕರೆಯಲಿಲ್ಲ.

"ನಿಮ್ಮ ಟೆಸ್ಟು, ನನ್ನ ಟೆಸ್ಟು ಒಂದೇ ಟೈಮಿಗಿ ಓಡ್ಬೇಕು. ಒಂದೂ ಬೀಳಬಾರದು. ಆಗ ಬರ್ತೇನಿ."

ಎರಡು ದಿನ ಕೂತೆ. ಪ್ರತಿ ಓಟಕ್ಕೂ ಬೇರೆ ಫೋಲ್ಡರ್, ಮುಗಿದ ಮೇಲೆ ತನ್ನದನ್ನು ಮಾತ್ರ ಅಳಿಸಬೇಕು. ಇಂಥದ್ದೇ ಪೋರ್ಟ್ ಬೇಕು ಎಂದು ಹಟ ಹಿಡಿಯುವುದಿಲ್ಲ. ಖಾಲಿ ಇರುವುದು ಯಾವುದಾದರೂ ಕೊಡು ಎಂದು ಕಂಪ್ಯೂಟರನ್ನೇ ಕೇಳಬೇಕು. ಟೆಸ್ಟು ಗೆದ್ದರೂ ಬಿದ್ದರೂ ತಾನು ಎಬ್ಬಿಸಿದ್ದನ್ನು ತಾನೇ ಮಲಗಿಸಿ ಹೋಗಬೇಕು. ಅವನದೂ ನನ್ನದೂ ಒಂದೇ ಹೊತ್ತಿಗೆ ಇಪ್ಪತ್ತು ಸಲ ಓಡಿಸಿದೆ. ಒಂದೂ ಬೀಳಲಿಲ್ಲ.

ಹೇಳಿ ಕಳಿಸಿದ ಮೇಲೆ ಅವನು ಬಂದ. ತಾನೇ ಇನ್ನೂ ಇಪ್ಪತ್ತು ಸಲ ಓಡಿಸಿ ನೋಡಿದ. ನಂತರ ಒಡೆದ ಕೀಬೋರ್ಡ್ ತಂದು ನನ್ನ ಮೇಜಿನ ಮೇಲಿಟ್ಟು, ನನ್ನದನ್ನು ತಾನು ಎತ್ತಿಕೊಂಡ.

"ಇದು ನಿಮ್ಮ ಪಾಲಿಗಿರಲಿ ಅಕ್ಕಾ."

ಐದು ಕೀಲಿ ಇಲ್ಲದ ಅದರಲ್ಲೇ ಆ ವರ್ಷ ಪೂರ್ತಿ ಬರೆದೆ. ಬೆರಳು ತೂತಿಗೆ ಹೋದಾಗೆಲ್ಲ ಅವನ ತುಟಿ ಕಡೆ ನೋಡುತ್ತಿದ್ದೆ.