ಬೆಲ್ಲ ಬೀಳುವ ಮುಂಚಿನ ಸೌಟು

ಬೆಳಗಿನ ಐದೂವರೆ. ಸಂಕ್ರಾಂತಿಯ ಚಳಿಗೆ ಪಣಕಹಳ್ಳಿ ಇನ್ನೂ ಕಂಬಳಿಯೊಳಗಿದೆ. ಪುಟ್ಟನಂಜಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಹಂಡೆಯ ಮುಂದೆ ನಿಂತಿದ್ದಾರೆ. ಹದಿನೆಂಟು ಸೇರು ಅಕ್ಕಿ, ಹೆಸರುಬೇಳೆಯ ಜೊತೆ ಬೆಂದಿದೆ. ಬೆಲ್ಲ ಕುಟ್ಟಿಟ್ಟಾಗಿದೆ, ತುಪ್ಪ ಕರಗಿದೆ, ದ್ರಾಕ್ಷಿ ತಟ್ಟೆಯಲ್ಲಿದೆ. ಅವರು ಯಾವುದನ್ನೂ ಮುಟ್ಟುವುದಿಲ್ಲ. ಸಪ್ಪೆ ಅನ್ನವನ್ನೇ ಸೌಟು ಸೌಟಾಗಿ ತೋಡಿ ಬೋಗುಣಿಯಲ್ಲಿ ಆರಲು ಇಡುತ್ತಾರೆ.

“ಇದು ನಾಯಿಗಳ್ ಪಾಲು. ಇದ್ನ ತಗುದ್ಮೇಲೇ ಬೆಲ್ಲ ಬೀಳ್ಬೇಕು,” ಎನ್ನುತ್ತಾರೆ.

ಐವತ್ತೆಂಟರ ಈ ಹೆಂಗಸು ಉಳಿದ ದಿನಗಳಲ್ಲಿ ಶಾಲೆಯ, ತಮಿಳಿನಲ್ಲಿ ಸತ್ತುಣವು ಎನ್ನುವ ಬಿಸಿಯೂಟದ ಅಡುಗೆಮನೆಯಲ್ಲಿ ಎಂಬತ್ತಾರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಾರೆ. ಹಬ್ಬ ಬಂದರೆ ಕೇರಿಯ ಇಪ್ಪತ್ತೆಂಟು ಮನೆಯ ಸಿಹಿ ಪೊಂಗಲ್ ಅವರದೇ. ವರ್ಷವಿಡೀ ಹಂದಿ, ಆನೆಗೆ ಬೊಗಳಿ ಹೊಲ ಕಾದ ನಾಯಿಗೇ ಹಬ್ಬದ ಮೊದಲ ಸೌಟು. ಇದು ಈ ಕೇರಿಯ ಕಟ್ಟಳೆ. ನಾಯಿ ಬಾಯಿ ಹಾಕುವ ತನಕ ಮನೆಯ ಯಜಮಾನನೂ ಎಲೆಯ ಮುಂದೆ ಕೂರುವಂತಿಲ್ಲ.

ಆ ಸೌಟೇ 2004ರಲ್ಲಿ ಮುಳುವಾಯಿತು. ದ್ರಾಕ್ಷಿ ಆರಿಸುವಾಗ ಜನರಿಗೆ ಬಡಿಸಲು ಚೆಂದವಿಲ್ಲದ, ಒಣಗಿ ಕಡ್ಡಿಯಾದದ್ದೇ ಎರಡು ಬೊಗಸೆ ಉಳಿಯಿತು. ಎಸೆಯಲು ಮನಸ್ಸಾಗದೆ ಪುಟ್ಟನಂಜಮ್ಮ ಅಷ್ಟನ್ನೂ ನಾಯಿಗಳ ಪಾಲಿಗೆ ಸುರಿದರು. ಸಂಜೆಗೆ ಗುರುಮಲ್ಲಪ್ಪನವರ ನಾಯಿ ವಾಂತಿ ಮಾಡಿತು, ಮರುದಿನ ಅದರ ಉಚ್ಚೆ ಕಟ್ಟಿತು, ನಾಲ್ಕನೇ ದಿನ ಸತ್ತಿತು. ಉಳಿದ ನಾಯಿಗಳಿಗೆ ಏನೂ ಆಗಲಿಲ್ಲ. ತಾಳವಾಡಿಯ ದನದ ಡಾಕ್ಟರು ವಿಷಯ ಬಿಡಿಸಿ ಹೇಳಿದರು. ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಯಾವ ನಾಯಿಗೆ, ಎಷ್ಟಕ್ಕೆ ಎಂದು ಹೇಳಲಾಗದು. ಆದ್ದರಿಂದ ಒಂದೂ ಬೇಡ, ಹಾಗೇ ನಾಯಿಗೆ ವಿಷವಾಗುವ ಚಾಕಲೇಟೂ ಬೇಡ.

“ನನ್ಮೇಲೆ ಯಾರೂ ಅನುಮಾನ ಪಟ್ಟಿರ್ನಿಲ್ಲ. ಆದ್ರೂ ಅವರ ಮನೆಗ ಓಗಿ ಏಳ್ದೆ, ನಾನೇ ಕಣಪ್ಪ ಕೊಂದದ್ದು, ಗೊತ್ತಿಲ್ದೆ ಇಕ್ಬುಟ್ಟೆ ಅಂತ.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಗುರುಮಲ್ಲಪ್ಪ ಒದೆಯಲಿಲ್ಲ, ಬೈಯಲೂ ಇಲ್ಲ. ಮಾತು ಬಿಟ್ಟರು. ಆ ವರ್ಷ ಅವರ ಜೋಳದ ಹೊಲವನ್ನು ಹಂದಿಗಳು ಉತ್ತು ಹಾಕಿದವು. ಹೊಸ ನಾಯಿ ಕಟ್ಟಿದರೂ ಹಬ್ಬಕ್ಕೆ ಅದರ ಎಲೆಯನ್ನು ಹಂಡೆಯ ಹತ್ತಿರ ಕಳಿಸಲಿಲ್ಲ. ಪುಟ್ಟನಂಜಮ್ಮನವರಿಗೆ ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಮರುವರ್ಷ ಪುಟ್ಟನಂಜಮ್ಮ ಸಪ್ಪೆ ಅನ್ನದ ಪದ್ಧತಿ ತಂದಾಗ ಕೇರಿಯ ಹಿರಿಯ ದೊಡ್ಡಯ್ಯ ತಕರಾರು ತೆಗೆದರು. “ನಾಯ್ಗ ಸಪ್ಪೆ, ನಮ್ಗ ಸೀ! ಇದ್ಯಾವ ಸೀಮೆ ಅಬ್ಬ ಕಣಮ್ಮಿ?”

“ಮೊದಲ್ನೇ ಸೌಟು ನಾಯ್ದು ಅಂತ ತಾನೇ ಕಟ್ಳೆ? ಬೆಲ್ಲಕ್ಕಿಂತ್ಲೂ ಮೊದ್ಲೇ ತಗೀತಿವ್ನಿ. ಇನ್ನೇನಾಗ್ಬೇಕು?”

ದೊಡ್ಡಯ್ಯ ಒಪ್ಪಿದರು. ಗೊಣಗಾಟ ಮಾತ್ರ ಒಂದು ವರ್ಷ ನಡೆಯಿತು. ವಯಸ್ಸಾದ ಗಂಡಸರಿಗೆ ಅಷ್ಟಾದರೂ ಬೇಡವೇ?

ಈ ವರ್ಷ, 2007ರಲ್ಲಿ, ಹದಿನೆಂಟು ನಾಯಿಗಳಿಗೆ ಹದಿನೆಂಟು ಎಲೆ. ಬಿಸಿಲು ಏರುವ ಹೊತ್ತಿಗೆ ಎಲ್ಲವೂ ಮುಗಿದು, ಪುಟ್ಟನಂಜಮ್ಮ ಬೆಲ್ಲದ ಬುಟ್ಟಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಹಗ್ಗದಲ್ಲಿ ಕಂದು ನಾಯಿ ಹಿಡಿದುಕೊಂಡು ಗುರುಮಲ್ಲಪ್ಪ ಬಂದು ನಿಲ್ಲುತ್ತಾರೆ. ಕೈಯಲ್ಲಿ ಮುತ್ತುಗದ ಎಲೆಯಿದೆ.

“ದ್ರಾಕ್ಷಿ?” ಮೂರು ವರ್ಷದ ಮೇಲೆ ಅವರಾಡುವ ಮೊದಲ ಮಾತು.

“ಇಲ್ಲ. ಬೆಲ್ಲನೂ ಬಿದ್ದಿಲ್ಲ.”

ಗುರುಮಲ್ಲಪ್ಪ ಎಲೆ ಹಾಸಿ, ಹಗ್ಗ ಸಡಿಲಿಸುತ್ತಾರೆ. “ಇಕ್ಕವ್ವ. ಒಲ ಕಾಯೋ ನಾಯಿ ಇದು.”

ಪುಟ್ಟನಂಜಮ್ಮ ಇಕ್ಕುತ್ತಾರೆ. ನಾಯಿ ಎಲೆ ನೆಕ್ಕಿ ಬಾಲ ಆಡಿಸುತ್ತದೆ. ಕಣ್ಣೀರನ್ನು ಒಲೆಯ ಹೊಗೆಯ ಮೇಲೆ ಹಾಕುವ ಹೆಂಗಸಲ್ಲ ಅವರು. ನಿಂತಲ್ಲೇ ಅಳುತ್ತಾರೆ, ಆಮೇಲೆ ಬೆಲ್ಲ ಸುರಿಯುತ್ತಾರೆ.

“ಪೇಪರ್ನಲ್ಲಿ ನನ್ ಎಸ್ರು ಇಲ್ದಿದ್ರೂ ಚಿಂತಿಲ್ಲ,” ಎನ್ನುತ್ತಾರೆ, ಹಂಡೆ ತಿರುವುತ್ತಾ. “ದ್ರಾಕ್ಷಿ ಆಕಿದ್ ಪಾಯ್ಸ, ಪೊಂಗಲ್ ನಾಯ್ಗ ಇಕ್ಬ್ಯಾಡಿ ಅಂತ ಮಾತ್ರ ದಪ್ಪಕ್ಷರದಲ್ಲಿ ಬರೀರಿ. ಗೊತ್ತಿಲ್ದೆ ಕೊಂದೋಳು ನಾನೊಬ್ಳೇ ಆಗ್ಲಿ.”