ಕಾಳಮ್ಮನ ಹಾಡಿಗೆ ನಾವು ಬರೆದ ಸಂವಿಧಾನ

ಕಾಗದದ ಮೇಲಿನ ಶಾಯಿ ಆರುವ ಮೊದಲೇ ಲೋಕ ಸುಧಾರಿಸಿತೆಂದು ಕಾಫಿಗೆ ಕೂಗುವ ಗಂಡಸರನ್ನು ನೀವೂ ಕಂಡಿರಬೇಕು. ನಮ್ಮ ಜಗಲಿಯಲ್ಲಿ ಅಂಥವರು ಮೂವರಿದ್ದರು: ವಕೀಲರಾದ ನನ್ನವರು, ಹೈಸ್ಕೂಲಿನ ಮೇಷ್ಟ್ರು, ಅಕ್ಕಿ ಗಿರಣಿಯ ಸಾಹುಕಾರರು. ದೇಶಕ್ಕೆ ಸಂವಿಧಾನ ಬಂದ ಹೊಸತು. ಅದರ ಗಾಳಿ ಹೊಳೆನರಸೀಪುರಕ್ಕೂ ಬೀಸಿತ್ತು. ಹೇಮಾವತಿಯ ಆಚೆ ದಡದಲ್ಲಿ, ಕಾಡಿನ ಅಲೆದಾಟ ಬಿಟ್ಟು ನೆಲೆ ನಿಂತವರ ಹಾಡಿಯೊಂದಿತ್ತು. ಆ ಜನ ತಮ್ಮನ್ನು ತಾವೇ ಆಳಿಕೊಳ್ಳಲು ಒಂದು ಸಂವಿಧಾನ ಬೇಕೆಂದು ಈ ಮೂವರಿಗೆ ತೋಚಿತು. ಆ ಜನಕ್ಕೂ ತೋಚಿತ್ತೇ ಎಂದು ಕೇಳಿಬರಲು ಹೊಳೆ ದಾಟಬೇಕಿತ್ತು. ಮೂವರಿಗೂ ಬಿಸಿಲು ಆಗಿಬರುತ್ತಿರಲಿಲ್ಲ.

ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಹೊಡೆದು ಹೊಡೆದು ದುಂಡಗಾಗಿಸಿದ್ದ ನನ್ನ ಅಕ್ಷರ ಆಗ ದೇಶಸೇವೆಗೆ ಒದಗಿತು. ‘ಎಲ್ಲರೂ ಸಮಾನರು’ ಎಂಬ ಮೊದಲ ಕಲಮನ್ನು ನಾನು ಪ್ರತಿ ಮಾಡುತ್ತಿದ್ದಾಗ, ಹಾಡಿಯ ಹಿರಿಯಳಾದ ಕಾಳಮ್ಮ ಜೇನು ಮಾರಲು ಬಂದು ಅಂಗಳದ ಬಿಸಿಲಲ್ಲೇ ನಿಂತಿದ್ದಳು. ಮೆಟ್ಟಿಲು ಹತ್ತಿ ಬಾ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಹಾಡಿಯ ಜಗಳಗಳನ್ನೆಲ್ಲ ಬಗೆಹರಿಸುತ್ತಿದ್ದವಳು ಅವಳೇ. ಏಳನೆಯ ಕಲಮಿಗೆ ಬಂದಾಗ ನನ್ನ ಲೇಖನಿ ತಡವರಿಸಿತು: ಸಹಿ ಹಾಕಬಲ್ಲ ಗಂಡಸು ಮಾತ್ರ ಯಜಮಾನನಾಗತಕ್ಕದ್ದು, ಸರ್ಕಾರ ಹಾಡಿಗೆ ಕೊಡುವ ಜಮೀನು ಅವನ ಹೆಸರಿನಲ್ಲಿರತಕ್ಕದ್ದು. ಇಡೀ ಹಾಡಿಯಲ್ಲಿ ಸಹಿ ಬಲ್ಲವನು ಕೆಂಚನೊಬ್ಬನೇ, ಅದೂ ಸಾಹುಕಾರರ ಗಿರಣಿಯಲ್ಲಿ ಮೂಟೆ ಹೊರುವವನು. ಸಾಹುಕಾರರಿಗೆ ಪರರ ಸ್ವಯಮಾಡಳಿತದಲ್ಲಿ ಇಷ್ಟೊಂದು ಪ್ರೀತಿ ಏಕೆಂದು ಆಗ ಅರ್ಥವಾಯಿತು. ಆದರೂ ಬರೆದೆ, ದುಂಡಗೇ ಬರೆದೆ.

ಭಾನುವಾರ ಹೆಬ್ಬೆಟ್ಟು ಒತ್ತಿಸುವ ಸಂಭ್ರಮ. ಓದಿ ಹೇಳಲೆಂದು ನನ್ನನ್ನೂ ಕರೆದುಕೊಂಡು ಹೊಳೆ ದಾಟಿದರು. ಮೇಷ್ಟ್ರು ಕೆಮ್ಮಿ ಭಾಷಣಕ್ಕೆ ಎದ್ದರೋ ಇಲ್ಲವೋ, ಕಾಳಮ್ಮ ಬೇಯಿಸಿದ ಗೆಣಸಿನ ಮಡಕೆ ತಂದು ನಡುವೆ ಇಟ್ಟಳು.

“ಮೊದ್ಲು ಉಣ್ಣಿ ಸಾ. ಒಂದೇ ಮಡಕೇಲಿ ಉಂಡೋರೇ ಕೂಟದಲ್ಲಿ ಮಾತಾಡಾದು. ನಮ್ ತಾವ ಅಂಗೇ.”

ಮೇಷ್ಟ್ರಿಗೆ ಅಂದು ಏಕಾದಶಿ. ಸಾಹುಕಾರರಿಗೆ ಅಜೀರ್ಣ. ನನ್ನವರು, ಕೋರ್ಟಿನಲ್ಲಿ ಎಂದೂ ತೊದಲದ ನಾಲಿಗೆಯಿಂದ, “ಈಗ ತಾನೇ... ಆಯಿತು” ಎಂದರು.

“ಏಕಾದಸಿ ಮೊನ್ನೆ ತಾನೆ ಓಯ್ತು ಕಣ್ಲಾ!” ಎಂದು ಹಿಂದಿನಿಂದ ಮುದುಕನೊಬ್ಬ ಪಕ್ಕದವನ ಪಕ್ಕೆ ತಿವಿದ. ಹಾಡಿಗೆ ಹಾಡಿಯೇ ನಕ್ಕಿತು.

“ಅಂಗಾರೆ ಸುಮ್ಕೆ ಕೂತ್ಕಳಿ ಸಾ,” ಎಂದಳು ಕಾಳಮ್ಮ.

ಹನ್ನೆರಡು ಪುಟಗಳಷ್ಟು ಉದ್ದವಿದ್ದ ನಮ್ಮ ಸಮಾನತೆ ಗಂಟಲಿನಿಂದ ಕೆಳಕ್ಕೆ ಇಳಿಯುವಂಥದ್ದಾಗಿರಲಿಲ್ಲ, ನೋಡಿ. ಅವಳ ಶಾಸನಕ್ಕೋ ಪುಟವೇ ಇರಲಿಲ್ಲ, ಒಂದು ಮಡಕೆ ಸಾಕಾಗಿತ್ತು. ಅದು ನನ್ನ ಮುಂದೆ ಬಂದಾಗ ನನ್ನವರ ಕಣ್ಣು ಬೇಡವೆಂದಿತು. ಧೈರ್ಯವೆಂದು ತಿಳಿಯಬೇಡಿ, ಏಳನೆಯ ಕಲಮು ಬರೆದ ಬೆರಳುಗಳಿಗೆ ಏನಾದರೂ ಬೇರೆ ಕೆಲಸ ಬೇಕೆನಿಸಿತು, ಅಷ್ಟೆ. ಗೆಣಸು ಮುರಿದು ತಿಂದೆ.

“ಈಗ ಓದವ್ವ. ಆ ಕಾಗ್ದದಲ್ಲಿ ನಂಗೇನೈತೆ?”

ಏಳನೆಯ ಕಲಮನ್ನೇ ಮೊದಲು ಓದಿದೆ. ಕಾಳಮ್ಮ ಕೆಂಚನತ್ತ ನೋಡಿದಳು. ಕೆಂಚ ನೆಲ ನೋಡಿದ. ಸಾಹುಕಾರರು ದಡಕ್ಕನೆ ಎದ್ದು ಬಾಯಿ ತೆರೆದರು. ಕೆಂಚ ಬಾಯಲ್ಲಿದ್ದ ಗೆಣಸನ್ನು ನುಂಗಿ, ವಿನಯದಿಂದಲೇ ಹೇಳಿದ: “ಕೂತ್ಕಳಿ ಸಾ. ನೀವು ಉಂಡಿಲ್ಲ.”

ಒಂದು ಹೆಬ್ಬೆಟ್ಟೂ ಬೀಳದೆ ನಾವು ಹೊಳೆ ದಾಟಿ ಮರಳಿದೆವು. ಮನೆ ಮುಟ್ಟುವವರೆಗೆ ನನ್ನವರು ನನ್ನೊಡನೆ ಮಾತಾಡಲಿಲ್ಲ. ಉಂಡಿರಲಿಲ್ಲವಲ್ಲ.